ಅಜ್ಜನ ಸ್ಕೂಟರಿನ ಕ್ಲಚ್ಚು: ಬಿಚ್ಚುವ ಮೊದಲು ನೋಡಬೇಕಾದದ್ದು

ಮಲೆನಾಡಿನ ಒಂದು ಪಟ್ಟಣ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಜ್ಜ 1984ರಲ್ಲಿ ಕೊಂಡಿದ್ದ ಬಜಾಜ್ ಚೇತಕ್ ಸ್ಕೂಟರು. ಅಜ್ಜ ತೀರಿಕೊಂಡ ಮೇಲೆ ನಾಲ್ಕು ಮಳೆಗಾಲ ಕಳೆದರೂ ಅದು ನಿಂತಲ್ಲಿಂದ ಅಲುಗಿರಲಿಲ್ಲ. ಮೊಮ್ಮಗಳು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. ಹದಿನೆಂಟು ತುಂಬಿ ಎಲ್ಎಲ್ ಕೈಗೆ ಬಂದ ದಿನವೇ, 'ಕಾಲೇಜಿಗೆ ಅಜ್ಜನ ಸ್ಕೂಟರಲ್ಲೇ ಹೋಗ್ತೀನಿ' ಎಂದಳು. ತಂದೆಗೆ ಒಳಗೊಳಗೇ ಸಂತೋಷ, ಅಷ್ಟೇ ಭಯ.

ಕಾರ್ಬುರೇಟರ್ ತೊಳೆದು, ಪ್ಲಗ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿ ನಾಲ್ಕಾರು ಬಾರಿ ಕಿಕ್ ಹೊಡೆದಾಗ ಇಂಜಿನ್ನು ಎದ್ದೇ ಬಿಟ್ಟಿತು. ಆದರೆ ಕ್ಲಚ್ ಹಿಡಿದು ಮೊದಲನೆಯ ಗೇರಿಗೆ ತಿರುಗಿಸಿದೊಡನೆ, ಕ್ಲಚ್ ಹಿಡಿದಂತೆಯೇ ಇದ್ದರೂ ಸ್ಕೂಟರು ಕಟ್ಟು ಬಿಚ್ಚಿದ ಕರುವಿನಂತೆ ಮುಂದಕ್ಕೆ ಜಿಗಿದು, ತೆಂಗಿನ ಮರದ ಕಟ್ಟೆಗೆ ಮುಟ್ಟಿ ನಿಂತಿತು. ನೋಡಲು ಬಂದ ಗ್ಯಾರೇಜಿನ ಹುಡುಗ ಸ್ಕೂಟರನ್ನು ಮುಟ್ಟದೆಯೇ ತೀರ್ಪು ಕೊಟ್ಟ: 'ಇಂಜಿನ್ ಇಳಿಸ್ಬೇಕು ಸಾರ್, ಪೂರಾ ಕ್ಲಚ್ ಸೆಟ್ಟೇ ಹೋಗಿದೆ.' ಅವನು ಹೇಳಿದ ಖರ್ಚು ತಂದೆಯ ಅರ್ಧ ತಿಂಗಳ ಸಂಬಳಕ್ಕೆ ಸಮನಾಗಿತ್ತು. ಸ್ಕೂಟರನ್ನು ಗುಜರಿಗೆ ಹಾಕುವ ಮಾತೂ ಆ ಸಂಜೆ ಮನೆಯಲ್ಲಿ ಬಂತು.

ಮಗಳು ಹೇಳಿದ್ದು ಒಂದೇ ಮಾತು: 'ಅಪ್ಪ, ಮೊದಲು ಕೇಬಲ್ ನೋಡೋಣ.'

ಆ ಒಂದು ಮಾತಿನಲ್ಲಿ ರಿಪೇರಿಯ ಮೊದಲ ಪಾಠವೇ ಅಡಗಿದೆ. ದೋಷವನ್ನು ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಹುಡುಕುತ್ತ ಹೋಗಬೇಕು.

ಕ್ಲಚ್ಚು ಮಾಡುವ ಕೆಲಸವೇನು?

ಇಂಜಿನ್ನು ಒಮ್ಮೆ ಹೊತ್ತಿಕೊಂಡರೆ ತಿರುಗುತ್ತಲೇ ಇರಬೇಕು. ಚಕ್ರ ಮಾತ್ರ ಬೇಕಾದಾಗ ನಿಲ್ಲಬೇಕು, ಬೇಕಾದಾಗ ಹೊರಡಬೇಕು. ಒಂದು ನಿಲ್ಲದ್ದು, ಇನ್ನೊಂದು ನಿಲ್ಲಬೇಕಾದದ್ದು. ಇವೆರಡನ್ನೂ ಕೂಡಿಸುವ, ಬಿಡಿಸುವ ಕೆಲಸ ಕ್ಲಚ್ಚಿನದು.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಕೈಯ ಬಲವೆಲ್ಲ ಕೊಡಕ್ಕೆ ಹೋಗುತ್ತದೆ. ಪೂರ್ತಿ ಬಿಟ್ಟರೆ ಕೈಗೂ ಹಗ್ಗಕ್ಕೂ ಸಂಬಂಧವಿಲ್ಲ. ಅರ್ಧಂಬರ್ಧ ಹಿಡಿದರೆ ಹಗ್ಗ ಜಾರುತ್ತದೆ, ಅಂಗೈ ಸುಡುತ್ತದೆ. ಕ್ಲಚ್ಚಿನ ಸಂಗತಿಯೂ ಇದೇ. ಅಲ್ಲಿ ಅಂಗೈಯ ಬದಲು ಕಾರ್ಕ್ ಅಂಟಿಸಿದ ದುಂಡನೆಯ ಪ್ಲೇಟುಗಳಿವೆ. ಅವುಗಳ ನಡುವೆ ಉಕ್ಕಿನ ಪ್ಲೇಟುಗಳು. ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಇವು ಕೂತಿರುತ್ತವೆ. ಒಂದು ಬಗೆಯವು ಇಂಜಿನ್ನಿನ ಜೊತೆ ತಿರುಗಿದರೆ, ಇನ್ನೊಂದು ಬಗೆಯವು ಗೇರ್ ಬಾಕ್ಸಿನ ಜೊತೆ ತಿರುಗುತ್ತವೆ. ಸ್ಪ್ರಿಂಗುಗಳು ಇಡೀ ಪೇರಿಕೆಯನ್ನು ಒತ್ತಿ ಹಿಡಿದಿರುವುದರಿಂದ ಎಲ್ಲವೂ ಒಂದೇ ಗಾಲಿಯಂತೆ ತಿರುಗುತ್ತವೆ. ಎಡಗೈಯ ಲಿವರ್ ಹಿಡಿದಾಗ ಕೇಬಲ್ ಎಳೆಯುತ್ತದೆ, ಇಂಜಿನ್ನಿನ ಕೆಳಗಿರುವ ಪುಟ್ಟ ತೋಳು ತಿರುಗುತ್ತದೆ, ಸ್ಪ್ರಿಂಗುಗಳ ಒತ್ತಡ ಸಡಿಲಾಗಿ ಪ್ಲೇಟುಗಳು ಬೇರೆಯಾಗುತ್ತವೆ. ಇದೆಲ್ಲ ನಡೆಯುವುದು ಗೇರ್ ಬಾಕ್ಸಿನ ಆಯಿಲ್ಲಿನಲ್ಲಿ ಮುಳುಗಿಕೊಂಡೇ.

ಈ ವ್ಯವಸ್ಥೆಯ ಮೂಲ ಇಟಲಿಯದು. ಪಿಯಾಜಿಯೊ ಸಂಸ್ಥೆಗಾಗಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾಡಿನೊ ದ'ಅಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಇಂಜಿನಿಯರ್. ಆತನಿಗೆ ಮೋಟಾರ್ ಸೈಕಲ್ಲೆಂದರೆ ಅಷ್ಟಕ್ಕಷ್ಟೆ. ಸವಾರನ ಬಟ್ಟೆಗೆ ಗ್ರೀಸ್ ಮೆತ್ತುವ ಚೈನನ್ನು ತೆಗೆದುಹಾಕಿ, ಇಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೇ ತಂದ. ಗೇರನ್ನು ಕಾಲಿನಿಂದ ಕೈಗೆ ತಂದ. ವೆಸ್ಪಾದ ಮಾದರಿಯನ್ನು ಆಧರಿಸಿ ಬಜಾಜ್ ಸಂಸ್ಥೆ 1972ರಲ್ಲಿ ಹೊರತಂದದ್ದು ಚೇತಕ್. ರಾಣಾ ಪ್ರತಾಪನ ಕುದುರೆಯ ಹೆಸರು. ಬುಕ್ ಮಾಡಿ ವರ್ಷಗಟ್ಟಲೆ ಕಾದು ಕೊಂಡವರ ಮನೆಗಳಲ್ಲಿ ಅದು ಬರೀ ವಾಹನವಾಗಿ ಉಳಿಯಲಿಲ್ಲ. 2020ರಲ್ಲಿ ಅದೇ ಹೆಸರಿನ ವಿದ್ಯುತ್ ಸ್ಕೂಟರು ಮಾರುಕಟ್ಟೆಗೆ ಬಂತು. ಅದಕ್ಕೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಹಾಗಾಗಿ ಕ್ಲಚ್ಚಿನ ಭಾಷೆ ತಿಳಿದ ಕೈಗಳು ಈಗ ಕಡಿಮೆಯಾಗುತ್ತಿವೆ.

ಎರಡು ರೋಗ, ಎರಡು ಲಕ್ಷಣ

ಕ್ಲಚ್ಚಿಗೆ ಮುಖ್ಯವಾಗಿ ಬರುವ ರೋಗಗಳು ಎರಡೇ. ಮೊದಲನೆಯದು ಜಾರುವುದು: ಹಿಡಿಯಬೇಕಾದಾಗ ಹಿಡಿಯುವುದಿಲ್ಲ. ಎರಡನೆಯದು ಅಂಟಿಕೊಳ್ಳುವುದು: ಬಿಡಬೇಕಾದಾಗ ಬಿಡುವುದಿಲ್ಲ. ಇವು ಒಂದಕ್ಕೊಂದು ವಿರುದ್ಧವಾದವು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ರೋಗ ಯಾವುದೆಂದು ತಿಳಿದುಕೊಳ್ಳುವುದು ಅಗತ್ಯ.

ಜಾರುವ ಕ್ಲಚ್ಚನ್ನು ಕಿವಿಯಿಂದ ಗುರುತಿಸಬಹುದು. ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಹೋಗುತ್ತ ಆಕ್ಸಿಲರೇಟರ್ ತಿರುಗಿಸಿದಾಗ ಇಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ದಿಬ್ಬ ಹತ್ತುವಾಗ, ಹಿಂದೆ ಒಬ್ಬರು ಕೂತಾಗ ಇದು ಇನ್ನೂ ಸ್ಪಷ್ಟ. ಸದ್ದೂ ಕುಗ್ಗಿ ವೇಗವೂ ಕುಗ್ಗಿದರೆ ತಪ್ಪು ಕ್ಲಚ್ಚಿನದಲ್ಲ. ಇಂಜಿನ್ನಿನ ಬಲವೇ ಕಡಿಮೆಯಾಗಿದೆ, ಪ್ಲಗ್ಗು-ಕಾರ್ಬುರೇಟರಿನ ಕಡೆ ನೋಡಬೇಕು. ಈ ಸ್ಕೂಟರುಗಳಲ್ಲಿ ಕಿಕ್ಕರಿನ ಬಲ ಇಂಜಿನ್ನಿಗೆ ಹೋಗುವುದೂ ಕ್ಲಚ್ಚಿನ ಮೂಲಕವೇ. ಹೀಗಾಗಿ ಕ್ಲಚ್ಚು ತೀರಾ ಜಾರುತ್ತಿದ್ದರೆ ಕಿಕ್ಕರ್ ಸರಾಗವಾಗಿ ಕೆಳಗಿಳಿಯುತ್ತದೆ, ಇಂಜಿನ್ನು ಮಾತ್ರ ತಿರುಗುವುದೇ ಇಲ್ಲ.

ಅಂಟಿಕೊಂಡ ಕ್ಲಚ್ಚು ಸಿಗ್ನಲ್ಲಿನಲ್ಲಿ ಗೊತ್ತಾಗುತ್ತದೆ. ಲಿವರ್ ಪೂರ್ತಿ ಹಿಡಿದಿದ್ದರೂ ಸ್ಕೂಟರು ಮುಂದಕ್ಕೆ ತೆವಳುತ್ತದೆ. ಗೇರ್ ಬೀಳುವಾಗ ಕಟಕಟ ಸದ್ದು. ನಿಂತಾಗ ನ್ಯೂಟ್ರಲ್ ಸಿಕ್ಕುವುದಿಲ್ಲ. ಮನೆಯಲ್ಲೇ ಪರೀಕ್ಷಿಸುವುದಾದರೆ, ಇಂಜಿನ್ನು ಬಿಸಿಯಾದ ಮೇಲೆ ಹಿಂದಿನ ಚಕ್ರ ನೆಲ ಮುಟ್ಟದಂತೆ ಸ್ಟ್ಯಾಂಡ್ ಹಾಕಿ, ಇನ್ನೊಬ್ಬರು ಸ್ಕೂಟರನ್ನು ಭದ್ರವಾಗಿ ಹಿಡಿದಿರುವಾಗ ಕ್ಲಚ್ ಹಿಡಿದು ಮೊದಲ ಗೇರಿಗೆ ಹಾಕಬೇಕು. ಆಯಿಲ್ಲಿನ ಸೆಳೆತಕ್ಕೆ ಚಕ್ರ ನಿಧಾನವಾಗಿ ತಿರುಗಿದರೆ ಚಿಂತೆಯಿಲ್ಲ. ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದಾಗ ಚಕ್ರ ನಿಂತು ಇಂಜಿನ್ನು ಓಡುತ್ತಲೇ ಇದ್ದರೆ ಕ್ಲಚ್ಚು ಸರಿಯಾಗಿ ಬಿಡುತ್ತಿದೆ. ಇಂಜಿನ್ನೂ ಆಫ್ ಆದರೆ ಅಂಟಿಕೊಂಡಿದೆ. ತಿರುಗುವ ಚಕ್ರವನ್ನು ಕೈಯಿಂದ ನಿಲ್ಲಿಸುವ ಸಾಹಸ ಬೇಡ. ದುಪಟ್ಟಾ, ಸೆರಗು, ಪಂಚೆಯ ಅಂಚು ದೂರವಿರಲಿ. ಪರೀಕ್ಷೆ ನಡೆಯಬೇಕಾದದ್ದು ಬಯಲಿನಲ್ಲಿ. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಿದರೆ ಅದರ ಹೊಗೆ ಪ್ರಾಣಕ್ಕೇ ಅಪಾಯ.

ಮಲೆನಾಡಿನ ಮನೆಯ ಚೇತಕ್ ಕ್ಲಚ್ ಹಿಡಿದಿದ್ದರೂ ಜಿಗಿದಿತ್ತು. ಅಂದರೆ ರೋಗ ಎರಡನೆಯದು, ಅಂಟು ರೋಗ.

ಕೇಬಲ್ಲಿನ ಸಡಿಲು

ತಂದೆ-ಮಗಳು ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿ ಕೂತರು. ಲಿವರನ್ನು ಒಂದು ಬೆರಳಿನಿಂದ ಒತ್ತಿದರೆ ಅರ್ಧ ದೂರ ಸುಮ್ಮನೆ ಬರುತ್ತಿತ್ತು. ಕೇಬಲ್ ಎಳೆಯುತ್ತಿದ್ದುದು ಉಳಿದರ್ಧದಲ್ಲಿ ಮಾತ್ರ. ಲಿವರಿನ ಓಟವೆಲ್ಲ ಸಡಿಲನ್ನು ತೆಗೆಯುವುದರಲ್ಲೇ ಮುಗಿದರೆ ಪ್ಲೇಟುಗಳು ಬೇರೆಯಾಗುವುದು ಹೇಗೆ? ಸರಿಯಾದ ಕ್ಲಚ್ಚಿನಲ್ಲಿ ಲಿವರಿನ ಬುಡದಲ್ಲಿ ಸುಮಾರು 2 ಮಿಲಿಮೀಟರಿನಷ್ಟು ಸಡಿಲು ಇದ್ದರೆ ಸಾಕು.

ಲಿವರಿನ ಬಳಿ ಕೇಬಲ್ಲಿನ ತುದಿಯನ್ನು ನೋಡಿದಾಗ ಎರಡು ಎಳೆಗಳು ತುಂಡಾಗಿ ಮುಳ್ಳಿನಂತೆ ನಿಂತಿದ್ದವು. ಎಳೆ ಹರಿದ ಕೇಬಲ್ಲು ಇಂದಲ್ಲ ನಾಳೆ ನಡುರಸ್ತೆಯಲ್ಲಿ ಪೂರ್ತಿ ಹರಿಯುತ್ತದೆ. ಅದನ್ನು ಬಿಗಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಹೊಸ ಕೇಬಲ್ಲಿಗೆ ಎಣ್ಣೆ ಬಿಟ್ಟು, ಹಳೆಯದು ಹೋದ ದಾರಿಯಲ್ಲೇ ಸೊಟ್ಟಗಾಗದಂತೆ ಎಳೆದು ಹಾಕಿದರು. ಕೇಬಲ್ಲು ತೀರಾ ಅಗ್ಗದ ಭಾಗ. ಬಿಗಿ ಹೊಂದಿಸಲು ಬೇಕಾದದ್ದು ಎರಡು ಸ್ಪ್ಯಾನರು, ಒಂದು ಕಟಿಂಗ್ ಪ್ಲೇಯರ್.

ಬಿಗಿಯನ್ನು ಹೊಂದಿಸುವುದು ಇಂಜಿನ್ನಿನ ಕೆಳಗೆ ಕೇಬಲ್ಲಿನ ಹೊರಕವಚ ಬಂದು ಸೇರುವಲ್ಲಿರುವ ಅಡ್ಜಸ್ಟರ್ ಸ್ಕ್ರೂವಿನಿಂದ. ಅದರ ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ, ಒಳಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಕೊನೆಗೆ ಲಾಕ್ ನಟ್ ಮತ್ತೆ ಬಿಗಿಯಬೇಕು. ಇದನ್ನು ಮರೆತರೆ ಮಾಡಿದ ಹೊಂದಾಣಿಕೆ ನಾಲ್ಕೇ ದಿನ.

ಕೇಬಲ್ ಸರಿಯಾದರೂ ಸ್ಕೂಟರು ಜಿಗಿಯುವುದು ನಿಲ್ಲಲಿಲ್ಲ. ಬಹುಕಾಲ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಸ್ಪ್ರಿಂಗುಗಳು ವರ್ಷಗಟ್ಟಲೆ ಒತ್ತಿ ಹಿಡಿದ ಪ್ಲೇಟುಗಳು, ಹಳೆಯ ಆಯಿಲ್ ಗಟ್ಟಿಯಾದಾಗ, ಹಪ್ಪಳಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇದಕ್ಕೂ ಬಿಚ್ಚಬೇಕಾಗಿಲ್ಲ. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿ ಆಯಿಲ್ ಬಿಸಿ ಮಾಡಿ, ಆಫ್ ಮಾಡಿದರು. ಎರಡನೆಯ ಗೇರಿಗೆ ಹಾಕಿ, ಕ್ಲಚ್ ಲಿವರನ್ನು ಬಟ್ಟೆಯಿಂದ ಹ್ಯಾಂಡಲ್ಲಿಗೆ ಕಟ್ಟಿ, ಸ್ಕೂಟರನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿದರು. ಹತ್ತಾರು ಬಾರಿ ತಳ್ಳಿದ ಮೇಲೆ 'ಟಕ್' ಎಂದು ಸಣ್ಣ ಸದ್ದು. ಕಲ್ಲಿನಂತೆ ಬಿಗಿದಿದ್ದ ಸ್ಕೂಟರು ಹಗುರವಾಗಿ ಉರುಳಿತು. ಇಂಜಿನ್ ಇಳಿಸಬೇಕೆಂದಿದ್ದ ದೋಷ ಇಂಜಿನ್ ಇಳಿಸದೆಯೇ ಹೋಗಿತ್ತು.

ಅತಿ ಬಿಗಿಯೂ ತಪ್ಪು

ಕತೆ ಅಲ್ಲಿಗೇ ಮುಗಿಯಲಿಲ್ಲ. ಮತ್ತೆ ಅಂಟಿಕೊಳ್ಳಬಾರದೆಂದು ತಂದೆ ಕೇಬಲ್ಲನ್ನು ಒಂದಿಷ್ಟೂ ಸಡಿಲಿಲ್ಲದಂತೆ ಎಳೆದು ಬಿಗಿದುಬಿಟ್ಟರು. ಮರುದಿನ ಅಂಚೆ ಕಚೇರಿಯ ಏರಿನಲ್ಲಿ ಇಂಜಿನ್ನು ಕೂಗುತ್ತಿದ್ದರೂ ಸ್ಕೂಟರು ಮೇಲೇರಲಿಲ್ಲ. ಈಗ ಬಂದದ್ದು ಮೊದಲನೆಯ ರೋಗ. ಕೇಬಲ್ಲು ಸದಾ ಎಳೆದುಕೊಂಡೇ ಇದ್ದರೆ, ಯಾರೋ ಅದೃಶ್ಯವಾಗಿ ಲಿವರನ್ನು ಅರ್ಧ ಹಿಡಿದಂತೆಯೇ ಲೆಕ್ಕ. ಸ್ಪ್ರಿಂಗುಗಳು ಪೂರ್ತಿ ಒತ್ತಲಾರವು, ಪ್ಲೇಟುಗಳು ಜಾರುತ್ತವೆ, ಕಾರ್ಕ್ ಸುಡುತ್ತದೆ. ಬಾವಿಯ ಹಗ್ಗಕ್ಕೆ ಅಂಗೈ ಸುಟ್ಟಂತೆ.

ಸವಾರರ ಅಭ್ಯಾಸದಿಂದಲೂ ಇದೇ ಹಾನಿ. ಓಡಿಸುವಾಗ ಲಿವರಿನ ಮೇಲೆ ಎರಡು ಬೆರಳು ಸುಮ್ಮನೆ ಇಟ್ಟುಕೊಳ್ಳುವುದು, ಏರಿನಲ್ಲಿ ಬ್ರೇಕಿನ ಬದಲು ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುವುದು, ಎರಡನೆಯ ಗೇರಿನಲ್ಲೇ ಹೊರಡುವುದು - ಈ ಮೂರೂ ಹೊಸ ಪ್ಲೇಟುಗಳನ್ನೂ ಬೇಗ ಸವೆಸುತ್ತವೆ. ಕಲಿಯುವವರು ಮೊದಲ ದಿನದಿಂದಲೇ ಇವನ್ನು ಬಿಡಬೇಕು.

ಸಡಿಲು ಮತ್ತೆ 2 ಮಿಲಿಮೀಟರಿಗೆ ಬಂದ ಮೇಲೆ ಜಾರುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮುಂದಿನ ಮೆಟ್ಟಿಲು ಆಯಿಲ್.

ಡಬ್ಬದಲ್ಲಿದ್ದ ಆಯಿಲ್

ಪೆಟ್ರೋಲಿಗೆ ಬೆರೆಸುವ ಆಯಿಲ್ ಬೇರೆ, ಗೇರ್ ಬಾಕ್ಸಿನ ಆಯಿಲ್ ಬೇರೆ. ಇವೆರಡನ್ನೂ ಒಂದೆಂದು ತಿಳಿಯುವವರು ಬಹಳ ಮಂದಿ. ಗೇರ್ ಬಾಕ್ಸಿಗೆ ಹಿಡಿಯುವುದು ಸುಮಾರು ಕಾಲು ಲೀಟರ್. ಹಳೆಯ ವೆಸ್ಪಾ ಮಾದರಿಗಳಿಗೆ ಹೇಳಿದ್ದು ಎಸ್ಎಇ 30 ದರ್ಜೆಯ ಸಾದಾ ಆಯಿಲ್. ಸ್ಕೂಟರು ನೇರವಾಗಿ ನಿಂತಿರುವಾಗ ತುಂಬುವ ರಂಧ್ರದ ಅಂಚಿಗೆ ಆಯಿಲ್ ಬಂದರೆ ಸಾಕು. ಈ ಮನೆಯಲ್ಲಿ ಗಾಡಿ ಎಬ್ಬಿಸುವಾಗ ತಂದೆ ಹಾಕಿದ್ದು ಕಾರಿಗೆಂದು ತಂದು ಉಳಿದಿದ್ದ ಡಬ್ಬದ ಆಯಿಲ್. 'ಇದು ದುಬಾರಿಯದು, ಒಳ್ಳೆಯದೇ ಇರುತ್ತೆ' ಎಂಬುದು ಅವರ ತರ್ಕ. ಆದರೆ ಇಂದಿನ ಹಲವು ಕಾರ್ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ಕಾರಿನ ಇಂಜಿನ್ನಿಗೆ ಅವು ವರ. ಘರ್ಷಣೆಯನ್ನೇ ನಂಬಿ ಬದುಕುವ, ಆಯಿಲ್ಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಅವೇ ಶಾಪ.

ಹಳೆಯ ಆಯಿಲ್ಲನ್ನು ಬಿಸಿಯಿರುವಾಗ ತಟ್ಟೆಗೆ ಇಳಿಸಿ ನೋಡುವುದೂ ಒಂದು ಪರೀಕ್ಷೆ. ಲೋಹದ ಚೂರುಗಳು ಹೊಳೆದರೆ ಗೇರುಗಳು ಸವೆಯುತ್ತಿವೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಪೆಟ್ರೋಲಿನ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ಇಳಿಯುತ್ತ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ, ಕ್ಲಚ್ಚಿನ ಕಡೆಯ ಆಯಿಲ್ ಸೀಲ್ ಹಾಳಾಗಿರಬಹುದು. ಅದು ಅನುಭವಿ ಮೆಕ್ಯಾನಿಕ್ಕಿನ ಕೆಲಸ, ಮುಂದಕ್ಕೆ ಹಾಕುವಂಥದಲ್ಲ. ಈ ಚೇತಕ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲ. ಸಾದಾ ಆಯಿಲ್ ಹಾಕಿದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ಜಾರುವುದು ನಿಂತಿತು. ಇಬ್ಬರು ಕೂತು ಏರು ಹತ್ತುವಾಗ ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು.

ಕೊನೆಗೆ ಬಿಚ್ಚುವುದು

ಹೊರಗಿನದೆಲ್ಲ ಸರಿಯಾದ ಮೇಲೂ ಜಾರುತ್ತಿದ್ದರೆ ದೋಷ ಒಳಗಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಒಳಗಿನ ಸಂಗತಿಗಳು ನಾಲ್ಕು. ಒಂದು, ಸವೆದ ಕಾರ್ಕ್ ಪ್ಲೇಟುಗಳು. ಎರಡು, ಸೋತ ಸ್ಪ್ರಿಂಗುಗಳು. ಮೂರು, ಕಾದು ಸೊಟ್ಟಗಾದ ಉಕ್ಕಿನ ಪ್ಲೇಟುಗಳು. ನಾಲ್ಕು, ಪ್ಲೇಟುಗಳನ್ನು ಹಿಡಿದಿರುವ ಬಟ್ಟಲಿನ ಅಂಚಿನಲ್ಲಿ ಬಿದ್ದ ಕಚ್ಚುಗಳು. ಇವಿದ್ದರೆ ಪ್ಲೇಟುಗಳು ಸರಾಗವಾಗಿ ಸರಿಯದೆ ಗಾಡಿ ಹೊರಡುವಾಗ ಜಗ್ಗುತ್ತದೆ. ಇದ್ದಕ್ಕಿದ್ದಂತೆ, ಯಾವ ಮುನ್ಸೂಚನೆಯೂ ಇಲ್ಲದೆ, ಇಂಜಿನ್ನು ಓಡುತ್ತಿದ್ದರೂ ಯಾವ ಗೇರಿನಲ್ಲಿಯೂ ಚಕ್ರ ತಿರುಗದಿದ್ದರೆ, ಕ್ಲಚ್ಚನ್ನು ಕ್ರ್ಯಾಂಕಿಗೆ ಬಂಧಿಸುವ ಅರ್ಧಚಂದ್ರಾಕಾರದ ಪುಟ್ಟ ಕೀ ತುಂಡಾಗಿರಬಹುದು. ಪ್ಲೇಟು ಸವೆಯುವುದು ದಿನದಿನಕ್ಕೆ. ಕೀ ಮುರಿಯುವುದು ಒಂದೇ ಕ್ಷಣಕ್ಕೆ.

ತಂದೆ-ಮಗಳು ಇಲ್ಲಿ ಕೈ ಬಿಟ್ಟದ್ದು ಸರಿಯಾಗಿಯೇ ಇತ್ತು. ಕ್ಲಚ್ಚನ್ನು ಹೊರತೆಗೆಯಲು ವಿಶೇಷ ಟೂಲ್ ಬೇಕು. ಒತ್ತಿ ಕೂಡಿಸಿದ ಸ್ಪ್ರಿಂಗುಗಳನ್ನು ಮನೆಯ ಸ್ಕ್ರೂಡ್ರೈವರಿನಿಂದ ಕೆದಕಿದರೆ ಅವು ಚಿಮ್ಮಿ ಕಣ್ಣಿಗೇ ಬೀಳಬಹುದು. ಅಜ್ಜನ ಕಾಲದಿಂದ ಚೇತಕ್‌ಗಳನ್ನೇ ನೋಡುತ್ತಿದ್ದ ಮೇಸ್ತ್ರಿಯ ಬಳಿಗೆ ಹೋದರು. ಈ ಬಾರಿ ಮಗಳು ಹೇಳಿದ್ದು, 'ಕ್ಲಚ್ ಕೆಟ್ಟಿದೆ' ಎಂಬ ಮೊಟಕು ಮಾತಲ್ಲ: 'ಕೇಬಲ್ ಹೊಸದು, ಸಡಿಲು ಸರಿಯಿದೆ, ಆಯಿಲ್ ಬದಲಿಸಿದೆ, ಏರಿನಲ್ಲಿ ಇಬ್ಬರು ಕೂತರೆ ಮಾತ್ರ ಜಾರುತ್ತೆ ಮೇಸ್ತ್ರಿ.' ಮೇಸ್ತ್ರಿ ನಕ್ಕರು. 'ಅರ್ಧ ಕೆಲಸ ನೀವೇ ಮುಗಿಸ್ಕೊಂಡು ಬಂದಿದ್ದೀರಲ್ಲಮ್ಮ' ಎಂದು ಸ್ಕೂಟರನ್ನು ಪಕ್ಕಕ್ಕೆ ಮಲಗಿಸಿ, ಹಿಂದಿನ ಚಕ್ರ ಕಳಚಿ, ಕ್ಲಚ್ ಕವರ್ ತೆಗೆದರು. ಇಂಜಿನ್ನು ಇದ್ದಲ್ಲೇ ಇತ್ತು. ಕಾರ್ಕ್ ಸವೆದು ಪ್ಲೇಟು ನುಣ್ಣಗಾಗಿತ್ತು. ಬಟ್ಟಲು ಗಟ್ಟಿಯಾಗಿತ್ತು. ಹೊಸ ಪ್ಲೇಟುಗಳನ್ನು ಆಯಿಲ್ಲಿನಲ್ಲಿ ನೆನೆಸಿಟ್ಟು, ಎಲ್ಲ ಸ್ಪ್ರಿಂಗುಗಳನ್ನೂ ಒಟ್ಟಿಗೆ ಬದಲಿಸಿ ಕೂಡಿಸಿದರು. ಆದ ಖರ್ಚು ಮೊದಲು ಕೇಳಿದ ಮೊತ್ತದ ಸಣ್ಣ ಪಾಲು.

ಕ್ಲಚ್ಚಿನದಲ್ಲದ ದೂರು

ಕೆಲವು ದೂರುಗಳನ್ನು ಜನ ಸುಮ್ಮನೆ ಕ್ಲಚ್ಚಿನ ತಲೆಗೆ ಕಟ್ಟುತ್ತಾರೆ. ಹ್ಯಾಂಡಲ್ಲಿನ ಗುರುತು ಎರಡು ಎಂದು ತೋರಿಸುತ್ತಿದ್ದರೂ ಬೇರೆ ಗೇರ್ ಬಿದ್ದಿದ್ದರೆ ಹೊಂದಿಸಬೇಕಾದದ್ದು ಗೇರಿನ ಕೇಬಲ್ಲುಗಳನ್ನು. ಓಡುತ್ತಿರುವಾಗ ಗೇರ್ ತಾನಾಗಿ ತಪ್ಪಿ ಹೊರಬಂದರೆ, ಗೇರುಗಳನ್ನು ಹಿಡಿಯುವ ನಾಲ್ಕು ಕೈಗಳ ಕ್ರಾಸ್ ಸವೆದಿರಬಹುದು. ಸ್ಕೂಟರನ್ನು ಪಕ್ಕಕ್ಕೆ ಓರೆ ಮಾಡಿ ಕಿಕ್ ಹೊಡೆಯುವ ಹಳೆಯ ಮಂತ್ರವನ್ನು ಎಲ್ಲರೂ ಬಲ್ಲರು. ಅದು ಪೆಟ್ರೋಲಿನ ಕೊರತೆಗೆ ಮದ್ದು, ಕ್ಲಚ್ಚಿಗಲ್ಲ.

ಪೋಷಕರಿಗೆ ಎರಡು ಮಾತು

ಕ್ಲಚ್ಚಿನ ದೋಷವನ್ನು ಖರ್ಚಿನ ವಿಷಯವೆಂದಷ್ಟೇ ನೋಡಬಾರದು. ಅಂಟಿಕೊಳ್ಳುವ ಕ್ಲಚ್ಚಿನ ಗಾಡಿ ಜನರು ದಾಟುತ್ತಿರುವಾಗ ಮುಂದಕ್ಕೆ ಜಿಗಿಯಬಲ್ಲದು. ಜಾರುವ ಕ್ಲಚ್ಚಿನ ಗಾಡಿ ಲಾರಿಯನ್ನು ಹಿಂದೆ ಹಾಕುವಾಗ ಕೈ ಕೊಡಬಲ್ಲದು. ಮೇಲಿನ ಎರಡು ಪರೀಕ್ಷೆಗಳಲ್ಲಿ ಗೆಲ್ಲದ ಸ್ಕೂಟರನ್ನು, ಮಕ್ಕಳು ಎಷ್ಟೇ ಹಟ ಮಾಡಿದರೂ, ರಸ್ತೆಗೆ ಕೊಡಬಾರದು. ಗೇರಿರುವ ಇಂಥ ಗಾಡಿಗೆ ಹದಿನೆಂಟು ತುಂಬಿ ಲೈಸೆನ್ಸ್ ಪಡೆಯುವುದು ಕಡ್ಡಾಯ. ಹೊಸ ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಉಳಿದ ವಾಹನಗಳಿಗೆ 2021ರಿಂದ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇನ್ನೊಂದು ಮಾತು. ಪರೀಕ್ಷೆಯ ಪುಸ್ತಕದಲ್ಲಿ ಘರ್ಷಣೆ ಎಂಬ ಅಧ್ಯಾಯವನ್ನು ಬಾಯಿಪಾಠ ಮಾಡುವ ಮಕ್ಕಳು, ಆ ಘರ್ಷಣೆ ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂಬುದನ್ನು ಒಂದು ಭಾನುವಾರ ಕೈಗೆ ಮಸಿ ಮಾಡಿಕೊಂಡು ಕಲಿತರೆ ಆ ಪಾಠ ಮರೆಯುವುದಿಲ್ಲ. ಸ್ಪ್ಯಾನರ್ ಹಿಡಿದ ಮಗಳಿಗೆ 'ನಿನಗ್ಯಾಕೆ ಇದೆಲ್ಲ' ಎನ್ನದೆ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತರೆ ಸಾಕು. ತಂದೆ-ತಾಯಿಯಿಂದ ಬೇಕಾದದ್ದು ಅಷ್ಟೇ.

ಅಂಚೆ ಕಚೇರಿಯ ಏರನ್ನು ಅಜ್ಜನ ಚೇತಕ್ ಈಗ ಎರಡನೆಯ ಗೇರಿನಲ್ಲಿ ಇಬ್ಬರನ್ನು ಹೊತ್ತು ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಕೂರುವುದು ತಂದೆ. ಮಗಳ ಎಡಗೈಯ ಬೆರಳುಗಳು ಲಿವರಿನ ಮೇಲಿಲ್ಲ ಎಂಬುದನ್ನು ಅವರು ಇಣುಕಿ ನೋಡಿ ಖಚಿತಪಡಿಸಿಕೊಳ್ಳುತ್ತಾರೆ.